ತಂಗಡಿ ಕೊಂಬೆಯ ತುದಿ

ಚಳ್ಳಕೆರೆ
3 ಅಕ್ಟೋಬರ್ 2024

ಮಾಲತಿಗೆ,

ನನ್ನ ನಂಬರನ್ನು ನಿನ್ನ ಫೋನಿನಲ್ಲಿ ತಡೆದಿಟ್ಟು ವರ್ಷದ ಮೇಲಾಯಿತು. ಕಲ್ಲೇಶಪ್ಪ ಭಾವನ ಫೋನಿಗೆ ಮಾಡಿದರೆ ಅದು ಯಾವಾಗಲೂ ಚಾರ್ಜಿಲ್ಲದೆ ಮಲಗಿರುತ್ತದೆ. ಹಾಗಾಗಿ ಅಂಚೆಯವನಿಗೆ ಕೆಲಸ ಕೊಡುತ್ತಿದ್ದೇನೆ. ಯಾರ ಕಾಗದ ಎಂದು ನೋಡಿದ ಕೂಡಲೇ ಒಲೆಗೆ ಹಾಕಬೇಡ. ಓದಿ, ಆಮೇಲೆ ಹಾಕು.

ಮುಂದಿನ ತಿಂಗಳು ಶಾಸಕರ ಸಮಿತಿಯೊಂದು ನಮ್ಮ ಕಡೆಗೆ ಬರುತ್ತಿದೆ. ಶಾಲೆಗೆ ಬರಲಾಗದ ವಿಶೇಷ ಅಗತ್ಯದ ಮಕ್ಕಳಿಗೆ ವಾರಕ್ಕೆ ಎರಡು ಸಲ ಮೇಷ್ಟ್ರು ಮನೆಗೆ ಹೋಗಬೇಕು, ಒಂದು ಸಲ ವ್ಯಾಯಾಮ ಮಾಡಿಸುವವರು ಹೋಗಬೇಕು, ಅವರಿಗೆ ಗಾಡಿ ಕೊಡಬೇಕು ಎಂದು ಹೋದ ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತಲ್ಲ, ನೀನೂ ಇನ್ನಷ್ಟು ತಂದೆತಾಯಿಗಳೂ ಸೇರಿ ತಂದ ಆದೇಶ, ಅದು ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಲು ಬರುತ್ತಾರಂತೆ. ಬೆಳಿಗ್ಗೆ ಮೊಳಕಾಲ್ಮೂರಿನಲ್ಲಿ ಪೋಷಕರನ್ನು ಕೇಳುತ್ತಾರೆ. ಮಧ್ಯಾಹ್ನ ಚಳ್ಳಕೆರೆಯಲ್ಲಿ ಆ ಮೇಷ್ಟ್ರುಗಳಾದ ನಮ್ಮನ್ನು.

ನಮ್ಮ ಸಾಹೇಬರು ನಿನ್ನೆ ಕರೆದು ಕೂರಿಸಿಕೊಂಡರು. "ಏನಪ್ಪಾ ಮಹಾಂತೇಶ, ಆ ಸ್ವಪ್ನನ ತಾಯಿ ನಿನ್ನ ತಂಗಿ ಅಲ್ವಾ? ಕೇಸು ಹಾಕಿದೋಳೂ ಅವಳೇ. ಅವಳ ಬಾಯಲ್ಲಿ ಎಲ್ಲ ಸಿಕ್ಕೈತೆ ಅಂತ ಒಂದು ಮಾತು ಬಂದ್ರೆ ಸಮಿತಿಯೋರು ಊಟ ಮುಗಿಸಿ ಹೋಗ್ತಾರೆ. ಬರದಿದ್ರೆ ನಿನ್ನ ಗುತ್ತಿಗೆ ಮುಂದಿನ ವರ್ಷಕ್ಕೆ ಬರ್ತೈತೋ ಇಲ್ಲೋ ನಾನು ಹೇಳಾಕಾಗಲ್ಲ" ಅಂದರು.

ನಾನು ಮಾಡದ ತಪ್ಪನ್ನು ನನ್ನ ತಲೆಗೆ ಕಟ್ಟಬೇಡ. ಜನವರಿಯಿಂದ ಮೇ ತನಕ ನಿಮ್ಮ ಹಟ್ಟಿಗೆ ಬಂದೆ. ಮನೆಗೆ ಬೀಗ ಇತ್ತು. "ಮನೆಗೆ ಬೀಗ" ಎಂದು ಬರೆದುಕೊಟ್ಟೆ. ಅದನ್ನು ಹಿಡಿದುಕೊಂಡು ಜೂನಿನಲ್ಲಿ ಆಫೀಸಿನವರು ಕೋರ್ಟಿಗೆ, ಸೇವೆ ಕೊಡಲು ಹೋದೆವು, ಕುಟುಂಬ ಸಿಗಲಿಲ್ಲ ಎಂದು ಹೇಳಿ ಸ್ವಪ್ನಳ ಹೆಸರು ತೆಗೆದುಹಾಕಿದರು. ಅದು ಅವರ ಬುದ್ಧಿ. ನಾನು ಬರೆದದ್ದು ಬೀಗದ ಮಾತು ಮಾತ್ರ, ಅದು ಸುಳ್ಳಲ್ಲ.

ನೀನು ಆ ಒಂದು ಮಾತು ಹೇಳು. ಸಮಿತಿ ಹೋದ ಮೇಲೆ ಅವಳ ಹೆಸರನ್ನು ಮತ್ತೆ ಸೇರಿಸುವ ಕೆಲಸ ನನ್ನದು. ಹಾಗೇ ಇನ್ನೊಂದು ಮಾತು. ಆ ಮಗುವಿಗಾಗಿಯಾದರೂ ಕುರಿಯ ಹಿಂದೆ ಅಲೆಯುವುದನ್ನು ಬಿಟ್ಟು ಒಂದು ಕಡೆ ನಿಲ್ಲು, ಇಲ್ಲವೇ ಅವಳನ್ನು ಚಳ್ಳಕೆರೆಯ ಹಾಸ್ಟೆಲಿಗೆ ಹಾಕು. ಇದನ್ನು ಹೇಳಿದ್ದಕ್ಕೇ ನೀನು ನನ್ನ ನಂಬರ್ ತಡೆದದ್ದು. ಈಗಲೂ ಅದನ್ನೇ ಹೇಳುತ್ತೇನೆ.

ಇಂತಿ, ಬೇಕಿದ್ದರೂ ಬೇಡವಾಗಿದ್ದರೂ ನಿನ್ನ ಅಣ್ಣ,
ಮಹಾಂತೇಶ


ಕೊಂಡ್ಲಹಳ್ಳಿ ಪಕ್ಕದ ನಮ್ಮ ಹಟ್ಟಿ
9 ಅಕ್ಟೋಬರ್ 2024

ಶ್ರೀಮಾನ್ ಮಹಾಂತೇಶಪ್ಪ ಮೇಷ್ಟ್ರಿಗೆ,

ತಮ್ಮ ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ಹಿಂಬದಿ ಖಾಲಿ ಇತ್ತು, ಸ್ವಪ್ನ ಅದರ ಮೇಲೆ ಕುರಿ ಬರೆದಿದ್ದಾಳೆ. ಕುರಿಗೆ ಐದು ಕಾಲು. "ಯಾಕವ್ವ ಐದು?" ಅಂದೆ. "ಒಂದು ನಂಗೆ" ಅಂದಳು.

ತಮಗೆ ಮರೆತಿರಬಹುದು, ಆಫೀಸಿನಲ್ಲಿ ಕೆಲಸ ಬಹಳ. ಆದ್ದರಿಂದ ನಿಮ್ಮ ಸೋದರ ಸೊಸೆಯ ಕಾಲಿನ ಸುದ್ದಿ ಹೇಳುತ್ತೇನೆ. ಚಿತ್ರದುರ್ಗದ ಡಾಕ್ಟರು ಅವಳ ಮಂಡಿ ಮಡಚಿ ಬಿಡಿಸಿ ನೋಡಿ, ನರ ಬಿಗಿಯುತ್ತಾ ಇದೆ, ತಿಳಿದವರು ವಾರವಾರವೂ ಎಳೆದು ಸಡಿಲಿಸದಿದ್ದರೆ ಇನ್ನೊಂದು ವರ್ಷದಲ್ಲಿ ಇವಳು ನಿಲ್ಲುವ ಆಸೆ ಬಿಡಿ ಅಂದರು. ಈಗ ಅವಳು ಟಗರಿನ ಕೊರಳು ತಬ್ಬಿಕೊಂಡು ನಿಲ್ಲುತ್ತಾಳೆ. ಟಗರು ಅವಳ ಕೈಯಲ್ಲಿನ ಹುರುಳಿ ತಿಂದು ಮುಗಿಸುವ ತನಕ. ಹುರುಳಿ ಮುಗಿದರೆ ಟಗರು ಹೋಗುತ್ತದೆ, ಇವಳು ಬೀಳುತ್ತಾಳೆ.

ಒಂದು ಕಡೆ ನಿಲ್ಲು ಅಂತೀಯ. ಈ ಮಾತನ್ನು ಕುರಿಗೆ ಹೇಳಿ ಒಪ್ಪಿಸು, ನಾನು ನಿಲ್ಲುತ್ತೇನೆ. ಸುಗ್ಗಿ ಮುಗಿದ ಮೇಲೆ ಹಟ್ಟಿಯ ಸುತ್ತ ಏನಿದೆ, ಕಲ್ಲು. ಇವತ್ತು ಒಬ್ಬರ ಹೊಲದಲ್ಲಿ ರೊಪ್ಪ ಹಾಕಿ ಕುರಿ ಕೂಡಬೇಕು, ನಾಳೆ ಇನ್ನೊಬ್ಬರ ಹೊಲದಲ್ಲಿ. ಗೊಬ್ಬರಕ್ಕೆ ಅವರು ಕೊಟ್ಟ ಕಾಳೇ ನಮ್ಮ ಊಟ. ಅದೇ ಊಟ ಉಂಡು ನೀನು ಓದಿದ್ದು. ಈಗ ಪ್ಯಾಂಟಿಗೆ ಕುರಿಯ ವಾಸನೆ ಬರಬಾರದು.

ಮನೆಗೆ ಬೀಗ ಇತ್ತಂತೆ. ಬೀಗ ನೋಡಿದ ಕಣ್ಣು ಹೊಸ್ತಿಲು ನೋಡಲಿಲ್ಲವಾ? ಮಂದೆ ಹೊರಟ ದಿನ ಬಾಗಿಲ ಮುಂದೆ ತಂಗಡಿ ಗಿಡದ ಕೊಂಬೆ ಮಲಗಿಸಿ ಮೇಲೊಂದು ಕಲ್ಲು ಇಡುತ್ತೇವೆ. ಕೊಂಬೆಯ ತುದಿ ಯಾವ ಕಡೆಗೋ ಮಂದೆ ಆ ಕಡೆಗೆ. ಮಂದೆ ದಿಕ್ಕು ಬದಲಿಸಿದರೆ, ಹಿಟ್ಟು ಒಯ್ಯಲು ಹಟ್ಟಿಗೆ ಬಂದವರು ಕೊಂಬೆ ತಿರುಗಿಸಿ ಹೋಗುತ್ತಾರೆ. ಮದುವೆಯ ಸುದ್ದಿ ತಂದವರು, ಸಾವಿನ ಸುದ್ದಿ ತಂದವರು ಎಲ್ಲರೂ ಅದನ್ನು ನೋಡಿಯೇ ನಮ್ಮನ್ನು ಅಡವಿಯಲ್ಲಿ ಹುಡುಕಿದ್ದು. ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಲಿಸಿದ ಮೊದಲ ಅಕ್ಷರ ಅದೇ. ಬೇರೆ ಮೇಷ್ಟ್ರು ಬಂದು ಬೀಗ ನೋಡಿ ಹೋಗಿದ್ದರೆ ನಾನು ಉಸಿರೆತ್ತುತ್ತಿರಲಿಲ್ಲ. ಅವನಿಗೆ ಓದಲು ಬರುವುದಿಲ್ಲ. ನಿನಗೆ ಬರುತ್ತದೆ. ಬಂದೂ ನೀನು ಬರಲಿಲ್ಲ.

ಸಮಿತಿಗೆ ಎಲ್ಲ ಹೇಳುತ್ತೇನೆ.

ಇಂತಿ, ಅರ್ಜಿದಾರಳು,
ಮಾಲತಿ


ಚಳ್ಳಕೆರೆ
15 ಅಕ್ಟೋಬರ್ 2024

ಮಾಲತಿ,

ಕೊಂಬೆ ನೋಡಿದೆ. ನೋಡಲಿಲ್ಲ ಎಂದು ನಾನು ಯಾವಾಗ ಬರೆದೆ? ಅದರ ತುದಿ ಪಡುವಣಕ್ಕಿತ್ತು.

ಪಡುವಣಕ್ಕೆ ಅಂದರೆ ಎಲ್ಲಿಗೆ? ಅಪ್ಪನ ಕಾಲದಲ್ಲಿ ಮೇಯಿಸುತ್ತಿದ್ದ ಕಾವಲಿನ ಕಡೆಗೆ ಹೋಗಿದ್ದೀರಿ ಅಂದುಕೊಂಡೆ. ಆಫೀಸಿನ ಗಾಡಿ ಇನ್ನೂ ಕಾಗದದ ಮೇಲೆ ಓಡುತ್ತಿದೆ. ನನ್ನ ಬೈಕು, ನನ್ನ ಪೆಟ್ರೋಲು. ಕುದಾಪುರದ ತನಕ ಹೋದೆ. ಅಲ್ಲಿ ನಾವು ಓಡಾಡಿದ ಹುಲ್ಲು ಎಲ್ಲಿದೆ? ಕಾವಲನ್ನು ದೊಡ್ಡ ಸಂಸ್ಥೆಗಳಿಗೆ ಕೊಟ್ಟ ಮೇಲೆ ಉದ್ದಕ್ಕೂ ಗೋಡೆ. ಬಿಸಿಲಲ್ಲಿ ಆ ಗೋಡೆಯ ಪಕ್ಕ ಗಾಡಿ ಹೊಡೆದದ್ದೇ ಹೊಡೆದದ್ದು. ನನ್ನಿವಾಳದ ದಾರಿಯಲ್ಲಿ ಒಬ್ಬ ಮುದುಕ ನಾಲ್ಕು ಮೇಕೆ ಬಿಟ್ಟುಕೊಂಡು ಕೂತಿದ್ದ. "ತಾತ, ಕೊಂಡ್ಲಹಳ್ಳಿ ಕಡೆ ಕಲ್ಲೇಶಪ್ಪನ ಮಂದೆ ಈ ಕಡೆ ಬಂತಾ?" ಅಂದೆ. ಅವನು ನನ್ನ ಮುಖ ನೋಡಿದ. "ಯಾಕಪ್ಪಾ ಬರ್ತಾವೆ, ಗೋಡೆ ಮೇಯಾಕಾ?" ಅಂದ. ವಾಪಸ್ ಬರುವಾಗ ಚೈನು ಹರಿದು ಗಾಡಿಯನ್ನು ತಳ್ಳಿಕೊಂಡು ಬಂದೆ.

ಮುಂದಿನ ವಾರ ಬಂದೆ, ತುದಿ ಇನ್ನೂ ಪಡುವಣಕ್ಕೇ. ಅದರ ಮುಂದಿನ ವಾರವೂ. ಫೋನ್ ಮಾಡೋಣವೆಂದರೆ ನೀನು ತಡೆದಿದ್ದೆ. ಆಗ ಗೊತ್ತಾಯಿತು. ಮೇಷ್ಟ್ರು ಬರಲೇ ಇಲ್ಲ ಎಂದು ಕೋರ್ಟಿನಲ್ಲಿ ಅಳಲು ನಿನಗೊಂದು ಕಾರಣ ಬೇಕಿತ್ತು. ಅದಕ್ಕೆ ನೀನೇ ಕೊಂಬೆ ತಿರುಗಿಸಿ ಇಟ್ಟೆ. ಮಗಳ ಕಾಲಿಗಿಂತ ಅಣ್ಣನ ಮೇಲಿನ ಹಠ ನಿನಗೆ ದೊಡ್ಡದಾಯಿತು.

ಅಲ್ಲಿಂದ ಮುಂದೆ ನಾನು ಹುಡುಕಲಿಲ್ಲ. ಬೀಗ ನೋಡಿದೆ, ಬೀಗ ಎಂದು ಬರೆದೆ.

ಮಹಾಂತೇಶ


ಹಟ್ಟಿ
21 ಅಕ್ಟೋಬರ್ 2024

ಸುಳ್ಳು.

ಮಂದೆ ಮೂಡಣಕ್ಕೆ ಹೋಗಿತ್ತು, ರಾಯದುರ್ಗದ ಗಡಿಯ ತನಕ. ಹೊರಟ ದಿನ ಕೊಂಬೆಯನ್ನು ಮೂಡಣಕ್ಕೆ ಇಟ್ಟವಳು ನಾನು, ಈ ಕೈಯಿಂದ. ಬೇಸಿಗೆ ಪೂರ್ತಿ ದಿಕ್ಕು ಬದಲಿಸಲಿಲ್ಲ. ಪಡುವಣ, ಕುದಾಪುರ, ಮೇಕೆ ಕಾಯುವ ಮುದುಕ, ಹರಿದ ಚೈನು, ಎಷ್ಟು ಚೆನ್ನಾಗಿ ಕಟ್ಟಿದ್ದೀಯ. ಅಪ್ಪ ಕಥೆ ಹೇಳುತ್ತಿದ್ದಾಗ ನೀನು ನಿದ್ದೆ ಮಾಡುತ್ತೀಯ ಅಂದುಕೊಂಡಿದ್ದೆ, ಕೇಳಿಸಿಕೊಂಡಿದ್ದೀಯ.

ಸುಳ್ಳುಗಾರ. ಮಗಳ ಕಾಲಿನ ಮಾತನ್ನು ಇನ್ನೊಂದು ಸಲ ಬರೆದರೆ ಆಫೀಸಿಗೇ ಬಂದು ಉತ್ತರ ಕೊಡುತ್ತೇನೆ.

ಮಾಲತಿ


ಹಟ್ಟಿ
6 ನವೆಂಬರ್ 2024

ಮಹಾಂತೇಶಪ್ಪನಿಗೆ,

ಒಂದು ಮಾತು ವಾಪಸ್ ತೆಗೆದುಕೊಳ್ಳಲು ಬರೆಯುತ್ತಿದ್ದೇನೆ. ಒಂದೇ ಮಾತು. ಜಾಸ್ತಿ ಆಸೆ ಇಟ್ಟುಕೊಳ್ಳಬೇಡ.

ದೀಪಾವಳಿ ಮುಗಿದ ಮಾರನೇ ದಿನ ಅಂಗಳದಲ್ಲಿ ಕೂತು ನಿನ್ನ ಕಾಗದವನ್ನು ಇವರಿಗೆ ಓದಿ ಹೇಳುತ್ತಿದ್ದೆ. ನಿನ್ನ ಹಾಗೇ ಮೂಗಿನಲ್ಲಿ ಮಾತಾಡಿ ಓದುತ್ತಿದ್ದೆ, ಇವರು ನಗುತ್ತಿದ್ದರು. ಸೋದರತ್ತೆ ಕೆಂಚಕ್ಕ ಶೇಂಗಾ ಕೇರುತ್ತಿದ್ದಳು. ಗೋಡೆ ಮೇಯಾಕಾ ಅಂದ ಮುದುಕನ ಮಾತು ಬಂದಾಗ ಮೊರದ ಸದ್ದು ನಿಂತಿತು.

"ಅವ್ನು ಸುಳ್ಳು ಹೇಳ್ತಿಲ್ಲ ಬಿಡೇ" ಅಂದಳು.

"ನಿಂಗೇನು ಗೊತ್ತು ಅತ್ತೆ?"

"ನಾನೇ ತಿರುಗ್ಸಿದ್ದು."

ನಾವು ಅಡವಿಯಲ್ಲಿದ್ದಾಗ ವಾರಕ್ಕೊಮ್ಮೆ ಹಿಟ್ಟು ಒಯ್ಯಲು, ದೇವರಿಗೆ ದೀಪ ಹಚ್ಚಲು ಹಟ್ಟಿಗೆ ಬರುವವಳು ಅವಳೇ. ನಾವು ಹೊರಟ ಮಾರನೇ ವಾರವೇ ಬಂದು ತುದಿಯನ್ನು ಪಡುವಣಕ್ಕೆ ಇಟ್ಟಿದ್ದಾಳೆ. ಮೇ ತಿಂಗಳಲ್ಲಿ ಮಂದೆ ವಾಪಸ್ ಬರುವ ಹಿಂದಿನ ದಿನ ಬಂದು ಕೊಂಬೆಯನ್ನೇ ಎತ್ತಿ ಒಲೆಗೆ ಹಾಕಿದ್ದಾಳೆ.

"ಯಾಕತ್ತೆ?" ಅಂದೆ.

"ಇನ್ನೇನ್ ಮಾಡ್ಲಿ? ನಮ್ಮ ಮಹಾಂತ ಬಂದು ಇದೇ ಜಗುಲಿ ಮೇಲೆ ಕೂತ್ಕಂಡು ಹಾಸ್ಟೆಲು ಹಾಸ್ಟೆಲು ಅಂತಿದ್ದ. ಆಮೇಲೆ ನೀನು ಕೋರ್ಟಿಗೆ ಹೋದೆ. ಕೋರ್ಟಿಂದ ಆರ್ಡರ್ ಬಂತು, ಸರ್ಕಾರದೋರು ಮನೆಗೆ ಬರ್ತಾರೆ ಅಂದೆ. ಯಾಕ್ ಬರ್ತಾರೆ? ಕೂಸನ್ನ ಎತ್ಕಂಡು ಹೋಗಾಕೆ. ನಮ್ಮಪ್ಪನ ಹೊಲ ಕೋರ್ಟಿಗೆ ಹೋತು, ಇವತ್ತಿಗೂ ಬಂದಿಲ್ಲ. ಹೊಲಾನೇ ಬಂದಿಲ್ಲ, ಕೂಸು ಬರ್ತೈತಾ?"

ಬೈದೆ. ನನ್ನ ಬಾಯಿ ನಿನಗೆ ಗೊತ್ತು. ಎರಡು ದಿನ ಮಾತು ಬಿಟ್ಟೆ. ಅವಳೂ ಊಟ ಬಿಟ್ಟಳು. ಮೂರನೇ ದಿನ ಸ್ವಪ್ನ ತೆವಳಿಕೊಂಡು ಹೋಗಿ ಅವಳ ಬಾಯಿಗೆ ಮುದ್ದೆ ಇಟ್ಟಳು.

ಆದ್ದರಿಂದ ಸುಳ್ಳುಗಾರ ಅಂದ ಮಾತು ವಾಪಸ್. ಉಳಿದ ಬೈಗುಳವೆಲ್ಲ ಇದ್ದ ಹಾಗೇ ಇರಲಿ. ಆ ಭಯವನ್ನು ಅತ್ತೆಯ ತಲೆಗೆ ಹಾಕಿದ್ದು ಯಾರು? ಅಪ್ಪನ ಅಕ್ಕ, ನಿನ್ನನ್ನು ಎತ್ತಿ ಆಡಿಸಿದವಳು, ನಿನ್ನಿಂದ ಕೂಸನ್ನು ಬಚ್ಚಿಟ್ಟಳು ಅಂದರೆ ನಿನ್ನ ಮುಖ ಹೇಗಿತ್ತು ಅಂತ ಯೋಚನೆ ಮಾಡು. ಮತ್ತೆ, ನೀನು ಒಂದು ಸಲ ಹುಡುಕಿದೆ. ಪಡುವಣದಲ್ಲಿ ಇಲ್ಲದಿದ್ದರೆ ಮೂಡಣದಲ್ಲಿ ನೋಡಬೇಕು. ಕಳೆದುಹೋದ ಕುರಿಮರಿಗೆ ಅಷ್ಟು ಮಾಡುತ್ತಿದ್ದೆ ನೀನು, ಚಿಕ್ಕವನಿದ್ದಾಗ.

ಸಮಿತಿಯ ಮುಂದೆ ಅತ್ತೆಯ ಸುದ್ದಿ ಎತ್ತುವುದಿಲ್ಲ. ಎತ್ತಿದರೆ ನಿಮ್ಮ ಸಾಹೇಬರು ಕುಟುಂಬದವರೇ ಸಹಕಾರ ಕೊಡಲಿಲ್ಲ ಎಂದು ಬರೆದು ಫೈಲು ಕಟ್ಟಿಡುತ್ತಾರೆ, ನನ್ನ ಮಗಳ ಕಾಲಿನ ಕಥೆ ಅಲ್ಲಿಗೆ ಮುಗಿಯಿತು. ಹೇಳುವುದಿದ್ದರೆ ನಿನ್ನ ಹೆಸರು ಹೇಳುತ್ತೇನೆ. ತಿಳಿಸಿ ಹೇಳುತ್ತಿದ್ದೇನೆ, ಹಿಂದಿನಿಂದ ಹೊಡೆದಳು ಅನ್ನಬೇಡ.

ಮಾಲತಿ


ಚಳ್ಳಕೆರೆ
11 ನವೆಂಬರ್ 2024

ಮಾಲತಿ,

ಹೇಳು. ಧಾರಾಳವಾಗಿ ಹೇಳು. ಬೆಳಿಗ್ಗೆ ನಿನ್ನ ಸರದಿ, ಮಧ್ಯಾಹ್ನ ನನ್ನದು. ಸಮಿತಿಯವರು ಮೊಳಕಾಲ್ಮೂರಿನಲ್ಲಿ ನಿನ್ನ ಮಾತು ಕೇಳಿ, ಕಾರು ಹತ್ತಿ, ನೇರ ನನ್ನ ಮುಂದೆ ಬಂದು ಕೂರುತ್ತಾರೆ. ನನಗೂ ಬಾಯಿದೆ. ನಿನ್ನ ಅತ್ತಿಗೆ ಸರಿತಾ ದಿನಾ ಕೇಳುತ್ತಾಳೆ, ಗುತ್ತಿಗೆ ಹೋದರೆ ಮುಂದೇನು ಎಂದು. ಅತ್ತೆ ಮಾಡಿದ್ದನ್ನು ಅತ್ತೆಯೇ ಒಪ್ಪಿಕೊಂಡ ಮೇಲೆ ನಾನೇಕೆ ಹೊರಬೇಕು? ಕೊಂಬೆ ತಿರುಗಿಸಿದ್ದು ಅವರ ಮನೆಯವರೇ ಎಂದು ಒಂದು ಸಾಲು ಸಾಕು ನನಗೆ.

ಅದನ್ನು ನನಗೆ ಹೇಳಿಕೊಟ್ಟವಳು ನೀನೇ. ನಾನೂ ತಿಳಿಸಿಯೇ ಹೇಳುತ್ತಿದ್ದೇನೆ.

ಮಹಾಂತೇಶ


ಹಟ್ಟಿ
21 ನವೆಂಬರ್ 2024

ಮಹಾಂತೇಶಪ್ಪನಿಗೆ,

ಮೊನ್ನೆ ನಮ್ಮ ಕಡೆ ನಡೆದದ್ದನ್ನು ಬರೆಯುತ್ತೇನೆ. ನಿನ್ನ ಕಡೆ ಏನಾಯಿತೋ ನನಗೆ ಗೊತ್ತಿಲ್ಲ. ಗೊತ್ತಾಗುವ ತನಕ ಇಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಶಾಮಿಯಾನ ಹಾಕಿ ಬೆಳಿಗ್ಗೆಯಿಂದ ಕೂರಿಸಿದ್ದರು. ಮಕ್ಕಳನ್ನು ತೊಡೆ ಮೇಲೆ, ಚಾಪೆ ಮೇಲೆ, ಗಾಲಿಕುರ್ಚಿಯಲ್ಲಿ ಇಟ್ಟುಕೊಂಡು ತಾಯಂದಿರು ಸಾಲಾಗಿ ಕೂತಿದ್ದೆವು. ನಿಮ್ಮ ಸಾಹೇಬರ ಕಡೆಯವನೊಬ್ಬ ಬಂದು, "ಅಕ್ಕಾ, ದೊಡ್ಡೋರ ಮುಂದೆ ಜಾಸ್ತಿ ಮಾತಾಡ್ಬಾರ್ದು, ಕೇಳಿದ್ದಕ್ಕೆ ಹೂಂ ಅನ್ಬೇಕು" ಅಂದ. "ಹೂಂ" ಅಂದೆ. ಖುಷಿಯಾಗಿ ಹೋದ.

ಸಮಿತಿಯ ಅಧ್ಯಕ್ಷೆ ಒಬ್ಬ ಹೆಂಗಸು, ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುತ್ತಾರೆ. ಅವರ ಪಕ್ಕ ಒಬ್ಬ ದಪ್ಪ ಶಾಸಕ. ನನ್ನ ಹೆಸರು ಬಂದಾಗ ಅವನೇ ಮೊದಲು ಬಾಯಿ ಹಾಕಿದ. "ಏನಮ್ಮಾ, ಮನೆಗೆ ಬೀಗ ಹಾಕ್ಕೊಂಡು ಹೋದ್ರೆ ಮೇಷ್ಟ್ರು ಏನು ಗೋಡೆಗೆ ಪಾಠ ಮಾಡ್ಬೇಕಾ?" ಅಧಿಕಾರಿಗಳೆಲ್ಲ ನಕ್ಕರು.

ನಾನು ಎದ್ದು ನಿಂತೆ. "ಸ್ವಾಮಿ, ಈಗ ನೀವು ಇಲ್ಲಿಗೆ ಬಂದೀರಿ. ನಿಮ್ಮ ಊರ ಮನೆಗೆ ಬೀಗ ಹಾಕಿರ್ತೀರಿ. ಸರ್ಕಾರದ ಭತ್ಯೆ ಬೀಗಕ್ಕೆ ಕೊಡ್ತಾರಾ, ನಿಮಗೆ ಕೊಡ್ತಾರಾ?"

ಅಧ್ಯಕ್ಷೆ ಕನ್ನಡಕ ತೆಗೆದರು. ನಾನು ನಿಲ್ಲಿಸಲಿಲ್ಲ. "ನೀವಿದ್ದಲ್ಲಿಗೆ ನಿಮ್ಮ ಭತ್ಯೆ ಬರ್ತೈತೆ. ನನ್ನ ಮಗಳಿದ್ದಲ್ಲಿಗೆ ಅವಳ ಮೇಷ್ಟ್ರು ಬರ್ಲಿ. ಕೋರ್ಟು ಮನೆ ಅಂದಿದ್ದು ಮಗಳು ಮಲಗೋ ಜಾಗಕ್ಕೆ. ಬೀಗ ಮಲಗೋ ಜಾಗಕ್ಕಲ್ಲ."

"ಎಲ್ಲಿದ್ದೀರಿ ಅಂತ ಗೊತ್ತಾಗೋಕೆ ದಾರಿ ಇತ್ತಾ?" ಅಂತ ಅಧ್ಯಕ್ಷೆ ಕೇಳಿದರು. ಕೊಂಬೆಯ ಸುದ್ದಿ ಹೇಳಿದೆ. "ಅದನ್ನ ಓದೋಕೆ ಆ ಶಿಕ್ಷಕರಿಗೆ ಬರ್ತಿತ್ತಾ?"

ಹಿಂದೆ ಅತ್ತೆ ಸ್ವಪ್ನನನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಳು. ನನ್ನ ಸೆರಗು ಹಿಡಿದುಕೊಂಡಿದ್ದಳು. ಆ ಮಾತಿಗೆ ಅವಳ ಕೈ ಬಿಗಿಯಾಯಿತು.

"ಬರ್ತಿತ್ತು" ಅಂದೆ. "ಅವನು ನನ್ನ ಒಡಹುಟ್ಟಿದ ಅಣ್ಣ."

ಅಷ್ಟೇ ಹೇಳಿದ್ದು. ಕೂತೆ. ನಿನ್ನ ಹೆಸರು ಹೇಳುತ್ತೇನೆ ಅಂದಿದ್ದೆ, ಹೇಳಿದೆ. ಕಾರುಗಳು ಚಳ್ಳಕೆರೆ ಕಡೆಗೆ ಹೋದವು. ಅತ್ತೆ ಅವುಗಳ ಧೂಳು ನೋಡುತ್ತಾ, "ಈಗ ಮಹಾಂತ ನನ್ನ ಹೆಸರು ಹೇಳ್ತಾನೆ, ಅಲ್ವೇನೇ?" ಅಂದಳು. ಹೇಳ್ತಾನೆ ಅಂದೆ.

ಹೇಳಿದೆಯಾ?

ಮಾಲತಿ


ಚಳ್ಳಕೆರೆ
2 ಡಿಸೆಂಬರ್ 2024

ಮಾಲತಿ,

ಉತ್ತರ ತಡವಾಯಿತು. ಬೇಕೆಂದೇ ತಡ ಮಾಡಿದೆ. ನಿನಗೂ ಊಟ ಸೇರದಿರಲಿ ಎಂದು.

ನನ್ನನ್ನು ನಿಲ್ಲಿಸಿ ಕೇಳಿದರು. ಅಧ್ಯಕ್ಷೆಯೇ ಕೇಳಿದ್ದು. "ನಿಮ್ಮ ತಂಗಿ ಒಂದು ಕೊಂಬೆಯ ವಿಷಯ ಹೇಳಿದ್ರು. ಇತ್ತಾ?" ಸಾಹೇಬರಿಗೆ ಪಡುವಣಕ್ಕೆ ಅಲೆದ ಕಥೆಯನ್ನು ಬೇಸಿಗೆಯಲ್ಲೇ ಹೇಳಿದ್ದೆ. ಯಾರು ತಿರುಗಿಸಿದ್ದು ಎಂಬುದೊಂದು ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತು ಮೊಣಕೈಯಲ್ಲಿ ತಿವಿದರು. "ಹೇಳೋ, ಅವ್ರೇ ದಾರಿ ತಪ್ಪಿಸಿದ್ರು ಅಂತ ಹೇಳೋ." ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು. ನಾನು ಬಾಯಿ ಬಿಟ್ಟರೆ ಸಾಕಿತ್ತು, ಉಳಿದದ್ದನ್ನು ಅವರು ಬರೆಯುತ್ತಿದ್ದರು.

"ಇತ್ತು ಮೇಡಂ" ಅಂದೆ.

"ನಿಮಗೆ ಓದೋಕೆ ಬರ್ತಿತ್ತಾ?"

"ಬರ್ತಿತ್ತು. ಹುಡುಕಿದ್ರೆ ಸಿಗ್ತಿದ್ರು. ನಾನು ಹುಡುಕಲಿಲ್ಲ."

ಸಾಹೇಬರು ಮುಚ್ಚಳ ಹಾಕಿಕೊಂಡರು.

ಆಮೇಲೆ ಅಧ್ಯಕ್ಷೆ ಅವರ ಕಡೆಗೆ ತಿರುಗಿದರು. "ಇವ್ರಿಗೆ ಗಾಡಿ ಕೊಟ್ಟಿದ್ರಾ?" "ಪ್ರಸ್ತಾವನೆ ಸಲ್ಲಿಸಿದ್ದೀವಿ ಮೇಡಂ." "ಹಾಗಾದ್ರೆ ಇವ್ರು ಪ್ರಸ್ತಾವನೆ ಮೇಲೆ ಕೂತ್ಕೊಂಡು ಹೋಗ್ಬೇಕಿತ್ತಾ?" ಆ ದಪ್ಪ ಶಾಸಕನೂ ಅದಕ್ಕೇ ಕಾಯುತ್ತಿದ್ದವನ ಹಾಗೆ, "ಭತ್ಯೆ ಬೀಗಕ್ಕೆ ಕೊಡೋಕಾಗಲ್ಲ ಕಣ್ರೀ, ಮಗು ಇರೋ ಕಡೆ ಹೋಗ್ಬೇಕು" ಅಂದ. ನಿನ್ನ ಮಾತು ಎಂದು ಆಗ ನನಗೆ ಗೊತ್ತಿರಲಿಲ್ಲ. ಅವನ ಬಾಯಲ್ಲಿ ಬಂದಾಗ ಎಲ್ಲರೂ ತಲೆಯಾಡಿಸಿದರು.

ಕುಟುಂಬ ಎಲ್ಲಿದ್ದರೂ ಹೋಗಬೇಕು, ಜೀಪು ಕೊಡಬೇಕು, ಸ್ವಪ್ನಳ ಹೆಸರನ್ನು ಮತ್ತೆ ಸೇರಿಸಬೇಕು ಎಂದು ಅಲ್ಲೇ ಬರೆಸಿದರು. ಹೊಸ ವರ್ಷಕ್ಕೆ ಬೇರೆ ಮೇಷ್ಟ್ರು ಬರುತ್ತಾರೆ. ಕರ್ತವ್ಯಲೋಪ ಎಂದು ನನಗೆ ಒಂದು ಸಾಲು. ಗುತ್ತಿಗೆ ಮುಗಿಯಿತು. ಈಗ ಇಲ್ಲಿನ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗಿಸುತ್ತಿದ್ದೇನೆ. ಪ್ಯಾಂಟಿಗೆ ಕುರಿಯ ವಾಸನೆ ಇಲ್ಲ, ಹಿಂಡಿಯ ವಾಸನೆ. ನೀನು ಸಂತೋಷಪಡಬಹುದು.

ಯಾಕೆ ಹಾಗಂದೆ ಎಂದು ಸರಿತಾ ಕೇಳಿದಳು. ಗೊತ್ತಿಲ್ಲ ಅಂದೆ. ನೀನು ಕೇಳಬೇಡ. ಇದು ನಿನಗೆ ಮಾಡಿದ ಉಪಕಾರ ಅಲ್ಲ, ಬರೆದು ಥ್ಯಾಂಕ್ಸ್ ಹೇಳಿದರೆ ಹರಿದು ಹಾಕುತ್ತೇನೆ. ಅತ್ತೆಗೆ ಊಟ ಮಾಡಲು ಹೇಳು.

ಮಹಾಂತೇಶ


ರೊಪ್ಪದಿಂದ
27 ಜನವರಿ 2025

ಅಣ್ಣನಿಗೆ,

ಥ್ಯಾಂಕ್ಸ್ ಹೇಳಲು ಬರೆದಿಲ್ಲ. ಹರಿಯಬೇಡ.

ಸಂಕ್ರಾಂತಿ ಮುಗಿಸಿ ಮಂದೆ ಹೊರಟೆವು. ಕೊಂಬೆ ನಾನೇ ಇಟ್ಟೆ. ಅತ್ತೆ ಈಗ ಅದನ್ನು ಮುಟ್ಟುವುದಿಲ್ಲ, ಹಿಟ್ಟಿಗೆ ಹೋದಾಗಲೂ ಸುತ್ತು ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಾಳಂತೆ.

ನಿನ್ನ ಜಾಗಕ್ಕೆ ಚಂದ್ರಶೇಖರ್ ಎಂಬ ಮೇಷ್ಟ್ರು ಬಂದಿದ್ದಾರೆ. ದಾವಣಗೆರೆಯ ಹುಡುಗ, ಒಳ್ಳೆಯವನು. ಜೀಪೂ ಬಂದಿದೆ. ವ್ಯಾಯಾಮ ಮಾಡಿಸುವ ಹುಡುಗಿಯೂ ಬಂದಿದ್ದಾಳೆ. ಎಲ್ಲರೂ ಸೇರಿ ಹಟ್ಟಿಗೆ ಬಂದರು. ಬೀಗ ನೋಡಿದರು. ಕೊಂಬೆಯನ್ನು ಕಸ ಎಂದು ತಿಳಿದು ಕಾಲಲ್ಲಿ ಸರಿಸಿ, ವಾಪಸ್ ಹೋದರು. ಅವತ್ತು ಹಿಟ್ಟಿಗೆ ಹೋಗಿದ್ದ ಅತ್ತೆ ನೆರೆಮನೆಯವರಿಂದ ಕೇಳಿಕೊಂಡು ಬಂದಳು. ನಾನು ಹೋಗಿ ಮತ್ತೆ ಸರಿಯಾಗಿ ಇಟ್ಟು ಬಂದೆ.

ರೊಪ್ಪದಲ್ಲಿ ಸಿಗ್ನಲ್ ಇಲ್ಲ, ನಿನ್ನ ಭಾವ ಗುಡ್ಡ ಹತ್ತಿದ್ದಾಗ ಮೇಷ್ಟ್ರು ಒಂದು ಸಲ ಫೋನಿನಲ್ಲಿ ಸಿಕ್ಕಿದ್ದರಂತೆ. ಇವರು ದಾರಿ ಹೇಳಿದ್ದಾರೆ. "ದೊಡ್ಡ ಹಳ್ಳ ದಾಟಿ, ಕರಿಯಕ್ಕನ ಹೊಲ ಬಿಟ್ಟು, ಬೋಳುಗುಡ್ಡ ಬಲಕ್ಕೆ ಹಾಕ್ಕಂಡು ಬನ್ನಿ" ಅಂತ. ದಾವಣಗೆರೆಯವನಿಗೆ ಕರಿಯಕ್ಕನ ಹೊಲ ಎಲ್ಲಿ ಗೊತ್ತು? ಜೀಪು ಹಳ್ಳದಲ್ಲಿ ಹೂತು ಸಂಜೆ ತನಕ ನಿಂತಿತ್ತಂತೆ. ಈಗ ಅವನೂ ಬೀಗ ಎಂದು ಬರೆಯಲು ಶುರುಮಾಡುತ್ತಾನೆ. ಬರೆದರೆ ಅವನ ತಪ್ಪಿಲ್ಲ.

ಸ್ವಪ್ನನ ಮಂಡಿ ಮೊದಲಿಗಿಂತ ಬಿಗಿಯಾಗಿದೆ. ಟಗರಿನ ಹುರುಳಿ ಮುಗಿಯುವ ಮೊದಲೇ ಬೀಳುತ್ತಾಳೆ.

ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ನೀನು ಹಾಸ್ಟೆಲಿನ ಮಾತು ಆಡಿದ್ದನ್ನು ನಾನು ಮರೆಯುವವಳಲ್ಲ. ಆ ಹುಡುಗನಿಗೆ ಕೊಂಬೆ ಓದುವುದನ್ನು ಕಲಿಸು. ಕಲಿಸಲು ಬೇರೆ ಯಾರನ್ನು ಕೇಳಲಿ, ಓದಿದವರಲ್ಲಿ ಅದು ಬರುವುದು ನಿನಗೊಬ್ಬನಿಗೇ.

ಮಾಲತಿ


ಚಳ್ಳಕೆರೆ
9 ಫೆಬ್ರವರಿ 2025

ಮಾಲತಿ,

ಮಿಲ್ಲಿಗೆ ರಜೆ ಹಾಕಿ ಹೋದೆ. ನಾನು ಬೈಕಿನಲ್ಲಿ ಮುಂದೆ, ಜೀಪು ಹಿಂದೆ.

ಹಟ್ಟಿಯಲ್ಲಿ ನಿಲ್ಲಿಸಿ ಚಂದ್ರಶೇಖರ್ ಮೇಷ್ಟ್ರಿಗೆ ಕೊಂಬೆ ತೋರಿಸಿದೆ. ತುದಿ ಮೂಡಣಕ್ಕಿತ್ತು. ಅವನು ಫೋಟೋ ತೆಗೆದುಕೊಂಡು, "ರಿಪೋರ್ಟಿನಲ್ಲಿ ಇದನ್ನ ಏನಂತ ಬರೀಲಿ ಸಾರ್?" ಅಂದ. "ವಿಳಾಸ ಅಂತ ಬರೀರಿ" ಅಂದೆ. ಅಲ್ಲಿಂದ ಮುಂದೆ ಮರಿಗಳಿಗೆ ಸೊಪ್ಪು ಕಡಿದ ಜಾಲಿ ಮರಗಳನ್ನು ತೋರಿಸಿದೆ, ಹಿಕ್ಕೆ ಹಸಿಯಿದೆಯೋ ಒಣಗಿದೆಯೋ ನೋಡುವುದನ್ನು ಹೇಳಿಕೊಟ್ಟೆ. ಹುಡುಗ ಚುರುಕಾಗಿದ್ದಾನೆ. ಮುಂದಿನ ಸಲ ಒಬ್ಬನೇ ಬರುತ್ತಾನೆ.

ನಿಮ್ಮ ರೊಪ್ಪ ಕಂಡ ಕೂಡಲೇ ಬದುವಿನ ಈಚೆ ನಾನು ನಿಂತೆ. ಜೀಪು ಹೋಯಿತು. ನಾಯಿ ಬೊಗಳಿತು. ವ್ಯಾಯಾಮದ ಹುಡುಗಿ ಇಳಿದು ಕರಿನೆಲದ ಮೇಲೆ ಚಾಪೆ ಹಾಸಿದ್ದು ಕಂಡಿತು. ನೀನು ಸ್ವಪ್ನನನ್ನು ಎತ್ತಿಕೊಂಡು ಬಂದು ಅದರ ಮೇಲೆ ಮಲಗಿಸಿದೆ. ಅವಳು ಮಂಡಿ ಹಿಡಿದು ಎಳೆದಾಗ ಸ್ವಪ್ನ ಕೂಗಿದ್ದು ನನ್ನ ತನಕ ಕೇಳಿತು. ಮೊದಲ ಸಲ ಹಾಗೇ, ನೋಯುತ್ತದೆ. ಆಮೇಲೆ ಸಡಿಲವಾಗುತ್ತದೆ.

ಅತ್ತೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ನನ್ನ ಕಡೆಗೆ ನೋಡಿದಳು. ಇನ್ನೊಂದು ಕೈ ಎತ್ತಿ ಬೀಸಿದಳು. ಬಾ ಎಂದೋ, ಹೋಗು ಎಂದೋ, ಅಷ್ಟು ದೂರಕ್ಕೆ ಗೊತ್ತಾಗಲಿಲ್ಲ. ನೀನು ತಿರುಗಿ ನೋಡಲಿಲ್ಲ. ನಾನು ಗಾಡಿ ತಿರುಗಿಸಿದೆ.

ವಾಪಸ್ ಬರುವಾಗ ನಿಮ್ಮ ಮನೆಯ ಮುಂದೆ ಮತ್ತೆ ನಿಲ್ಲಿಸಿದೆ. ಕೊಂಬೆಯ ಮೇಲೆ ನೀನು ಇಟ್ಟಿದ್ದ ಕಲ್ಲು ಅಂಗೈಯಷ್ಟಿತ್ತು. ಮಾಘದ ಗಾಳಿಗೆ, ಬೀದಿ ನಾಯಿಯ ಕಾಲಿಗೆ, ಆಫೀಸಿನವರ ಬೂಟಿಗೆ ಅದು ಯಾವ ಲೆಕ್ಕ? ಒಂದು ಕೆಲಸವನ್ನು ಗಟ್ಟಿಯಾಗಿ ಮಾಡುವುದು ನಿನಗೆ ಯಾವತ್ತೂ ಬರಲಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಹಳೇ ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಅದರ ಮೇಲೆ ಇಟ್ಟಿದ್ದೇನೆ. ಬೆನ್ನು ಇನ್ನೂ ನೋಯುತ್ತಿದೆ.

ಮಂದೆ ದಿಕ್ಕು ಬದಲಿಸಿದಾಗ ಅದು ನಿನ್ನೊಬ್ಬಳ ಕೈಯಲ್ಲಿ ಏಳುವುದಿಲ್ಲ. ಅತ್ತೆಯೊಬ್ಬಳ ಕೈಯಲ್ಲೂ ಏಳುವುದಿಲ್ಲ. ಇಬ್ಬರೂ ಹಿಡಿಯಿರಿ.

ಮಹಾಂತೇಶ